ಅತ್ತೆಯ ಎರಡು ಸಾವಿರದ ಐನೂರ ಇಪ್ಪತ್ತು, ಮೇಲೊಂದು ಕೊಸರು

ನಮ್ಮತ್ತೆ ಮುಂದೆ ಯಾರೂ ಸುಮ್‌ಸುಮ್ನೆ ಒಂದು ಸಂಖ್ಯೆ ಹೇಳ್ಬಾರ್ದು. ಹೇಳಿದ್ರೋ, ಮುಗೀತು. ನಿಮ್ಮ ಫೋನ್ ನಂಬರಿನ ಕೊನೇ ನಾಲ್ಕು ಅಂಕಿ ಕಿವಿಗೆ ಬಿದ್ದ ತಕ್ಷಣ ಅವರ ಕಣ್ಣು ಸೂರಿನ ಕಡೆ ಹೋಗುತ್ತೆ, ತುಟಿ ಒಂಚೂರು ಅಲ್ಲಾಡುತ್ತೆ, ಆಮೇಲೆ ತೀರ್ಪು ಬರುತ್ತೆ. "ಇದು ಬಿಗಿಮುಷ್ಟಿ." ಇಲ್ಲಾಂದ್ರೆ, "ಅಯ್ಯೋ, ಒಂಟಿಸಲಗ ಕಣೇ ಇದು. ಯಾರ ಮಾತೂ ಕೇಳಲ್ಲ."

ಜ್ಯೋತಿಷ್ಯ ಗೀತಿಷ್ಯ ಏನಲ್ಲ, ತಪ್ಪು ತಿಳ್ಕೋಬೇಡಿ. ಬರೀ ಭಾಗಾಕಾರ. ಅತ್ತೆ ಅಂದ್ರೆ ನಮ್ಮಪ್ಪನ ಅಕ್ಕ. ಬಲ್ಬು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋರು. ನಾನು ಅದೇ ಕಾರ್ಖಾನೆಯಲ್ಲಿ ಬಲ್ಬು ಹೊತ್ತಿಸಿ ನೋಡೋ ವಿಭಾಗದಲ್ಲಿದೀನಿ. ಅಂದ್ರೆ ನಾನು ಹೊತ್ತಿಸ್ತೀನಿ, ಅವರು ಡಬ್ಬಿಗೆ ಹಾಕಿಸ್ತಾರೆ. ನಾನು ಅವರ ಎಂಥ ಅಭಿಮಾನಿ ಅಂದ್ರೆ, ಇದನ್ನ ಬರೀಲೇಬೇಕು ಅಂತ ಎರಡು ವರ್ಷದಿಂದ ಒದ್ದಾಡ್ತಾ ಇದೀನಿ.

ಮೊದ್ಲು ಅತ್ತೆಯ ಸಂಖ್ಯೆಗಳ ಜಾತಕ ಹೇಳ್ಬಿಡ್ತೀನಿ, ಆಮೇಲೆ ಕಥೆ ಸಲೀಸು.

ಒಂದು ಸಂಖ್ಯೆಯನ್ನ ಪೂರ್ತಿ ಭಾಗ ಮಾಡೋ ಚಿಕ್ಕ ಸಂಖ್ಯೆಗಳು ಇರ್ತಾವಲ್ಲ, ಅವಕ್ಕೆ ಅತ್ತೆ "ಪಾಲುದಾರರು" ಅಂತಾರೆ. ಹನ್ನೆರಡನ್ನೇ ತಗೊಳ್ಳಿ. ಪಾಲುದಾರರು ಒಂದು, ಎರಡು, ಮೂರು, ನಾಲ್ಕು, ಆರು. ಕೂಡಿ ನೋಡಿ, ಹದಿನಾರು. ತನಗಿಂತ ಜಾಸ್ತಿ ಹಂಚಿದೆ. ಅದು ಧಾರಾಳಿ. ಹತ್ತಕ್ಕೆ ಒಂದು, ಎರಡು, ಐದು ಮಾತ್ರ, ಕೂಡಿದ್ರೆ ಬರೀ ಎಂಟು. ಬಿಗಿಮುಷ್ಟಿ. ಆರಕ್ಕೆ ಒಂದು, ಎರಡು, ಮೂರು, ಕೂಡಿದ್ರೆ ಸರಿಯಾಗಿ ಆರೇ. ಅಂಥದ್ದು ಸಮಾಧಾನಿ. ಸಮಾಧಾನಿಗಳು ಬಹಳ ಅಪರೂಪ, ಆರು ಆದ್ಮೇಲೆ ಇಪ್ಪತ್ತೆಂಟು, ಆಮೇಲೆ ನಾನೂರ ತೊಂಬತ್ತಾರು, ಆಮೇಲೆ ಒಂದೇ ಏಟಿಗೆ ಎಂಟು ಸಾವಿರದ ನೂರ ಇಪ್ಪತ್ತೆಂಟಕ್ಕೆ ಹಾರುತ್ತೆ. ಇನ್ನು ಒಂದು ಮತ್ತೆ ತಾನು ಬಿಟ್ರೆ ಯಾರನ್ನೂ ಹತ್ರ ಸೇರಿಸದೇ ಇರೋದು ಒಂಟಿಸಲಗ. ಏಳು, ಹನ್ನೊಂದು, ಹದಿಮೂರು, ಆ ಗುಂಪು.

ನಮ್ಮ ಮಾವ ಬಸ್ ಓಡಿಸ್ತಾರೆ. ಅವರ ಬಸ್ಸಿನ ನಂಬರು 8128. "ನಿಮ್ಮತ್ತೆ ನನ್ನ ಮುಖ ನೋಡಿ ಒಪ್ಪಿದ್ದಲ್ಲಮ್ಮ, ಬಸ್ಸಿನ ಹಿಂದಿನ ಪ್ಲೇಟು ನೋಡಿ ಒಪ್ಪಿದ್ದು" ಅಂತ ನಾನು ಮನೆಗೆ ಹೋದಾಗಲೆಲ್ಲ ಹೇಳ್ತಾರೆ.

"ಸುಳ್ಳು" ಅಂತಾರೆ ಅತ್ತೆ ಒಳಗಿಂದ. "ಮುಂದಿನ ಪ್ಲೇಟು."

ಬಲ್ಬು ಹೊತ್ತಿಕೊಳ್ಳೋಕೆ ಮುಂಚೆ ಬೆಳಕು ಎಲ್ಲಿರುತ್ತೆ ಅಂತ ಯಾರೂ ಕೇಳಲ್ಲ, ಹಾಗೇ ಅತ್ತೆಗೆ ಈ ಹುಚ್ಚು ಎಲ್ಲಿಂದ ಬಂತು ಅಂತ ಮನೇಲಿ ಯಾರೂ ಕೇಳಿರ್ಲಿಲ್ಲ. ನಾನು ಕೇಳ್ದೆ. ಬಂದಿದ್ದು ಮೇಜಿನ ಕೆಳಗಿಂದ.

ಅತ್ತೆ ಕೆಲ್ಸಕ್ಕೆ ಸೇರಿದಾಗ ಕಾರ್ಖಾನೆಯಲ್ಲಿ ಒಂದ್ಸಲಕ್ಕೆ ಪ್ಯಾಕಿಂಗ್‌ಗೆ ಬರೋ ಒಂದು ಕಂತು ಅಂದ್ರೆ ಎರಡೂವರೆ ಸಾವಿರ ಬಲ್ಬು. ದುಂಡು ಸಂಖ್ಯೆ, ಮ್ಯಾನೇಜರಿಗೆ ಹೇಳೋಕೆ ಚೆಂದ. ಆದ್ರೆ ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಥರ ಕೇಳೋರು. ಒಬ್ಬರಿಗೆ ಆರಾರು ಬಲ್ಬಿನ ಡಬ್ಬಿ, ಇನ್ನೊಬ್ಬರಿಗೆ ಎಂಟೆಂಟು, ಮತ್ತೊಬ್ಬರಿಗೆ ಒಂಬತ್ತು. ಆರಾರು ಹಾಕಿದ್ರೆ ಕೊನೇಲಿ ನಾಲ್ಕು ಉಳೀತಿತ್ತು. ಒಂಬತ್ತೊಂಬತ್ತು ಹಾಕಿದ್ರೆ ಏಳು. ಉಳಿದಿದ್ದನ್ನ ಮೇಜಿನ ಕೆಳಗಿನ ಒಂದು ಮರದ ಪೆಟ್ಟಿಗೆಗೆ ಹಾಕೋರು. ಆ ಪೆಟ್ಟಿಗೆಗೆ ಹೆಂಗಸರು "ಅನಾಥಾಶ್ರಮ" ಅಂತ ಹೆಸರಿಟ್ಟಿದ್ರು. ಅಲ್ಲಿಗೆ ಹೋದ ಬಲ್ಬು ಮತ್ತೆ ಮೇಲೆ ಬಂದಿದ್ದಿಲ್ಲ, ಯಾರದ್ದೋ ಕಾಲು ತಗುಲಿ ಪುಡಿಪುಡಿ. ಆ ಗಾಜು ಗುಡಿಸೋ ಕೆಲ್ಸ ಹೊಸಬರದ್ದು. ಆಗ ಹೊಸಬರು ಅಂದ್ರೆ ಅತ್ತೆ.

ಮೂರು ತಿಂಗಳು ಗಾಜು ಗುಡಿಸಿ, ಒಂದಿನ ಪೊರಕೆ ಹಿಡ್ಕೊಂಡೇ ಮ್ಯಾನೇಜರ್ ಕೋಣೆಗೆ ಹೋದ್ರಂತೆ.

"ಸಾರ್, ಕಂತಿಗೆ ಇನ್ನಿಪ್ಪತ್ತು ಬಲ್ಬು ಜಾಸ್ತಿ ಮಾಡಿ."

"ಯಾಕಮ್ಮ? ಎರಡೂವರೆ ಸಾವಿರ ಸಾಲ್ದೇನು?"

"ಎರಡೂವರೆ ಸಾವಿರ ನೋಡೋಕೆ ದೊಡ್ಡ ಮನುಷ್ಯ ಸಾರ್, ಮೂರು ಜನಕ್ಕೆ ಸರಿಯಾಗಿ ಹಂಚೋಕೆ ಬರಲ್ಲ ಅದಕ್ಕೆ. ಎರಡು ಸಾವಿರದ ಐನೂರ ಇಪ್ಪತ್ತು ಮಾಡಿ. ಎರಡರಿಂದ ಹಿಡಿದು ಹತ್ತರ ತನಕ ನೀವು ಯಾವ ಡಬ್ಬಿ ಕೊಟ್ರೂ ಒಂದೂ ಉಳಿಯಲ್ಲ."

ಮ್ಯಾನೇಜರ್ ನಕ್ರು. ಆಮೇಲೆ ಪೆನ್ಸಿಲ್ ತಗೊಂಡ್ರು. ಎರಡರಿಂದ ಸಾವಿರದ ಇನ್ನೂರ ಅರವತ್ತು. ಮೂರರಿಂದ ಎಂಟುನೂರ ನಲವತ್ತು. ಏಳಕ್ಕೆ ಬಂದಾಗ ನಗು ನಿಂತಿತ್ತು, ಮುನ್ನೂರ ಅರವತ್ತು. ಎಂಟರಿಂದ ಮುನ್ನೂರ ಹದಿನೈದು, ಒಂಬತ್ತರಿಂದ ಇನ್ನೂರ ಎಂಬತ್ತು, ಹತ್ತರಿಂದ ಇನ್ನೂರ ಐವತ್ತೆರಡು. ಶೇಷ ಸೊನ್ನೆ, ಸೊನ್ನೆ, ಸೊನ್ನೆ. ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಈ ಕೆಲ್ಸ ಆಗಲ್ಲ. ಅದಕ್ಕೆ ಒಟ್ಟು ನಲವತ್ತೆಂಟು ಜನ ಪಾಲುದಾರರು, ಒಂದರಿಂದ ಹಿಡಿದು ತಾನೂ ಸೇರಿ. ಅದರ ಕೆಳಗಿನ ಯಾವ ಸಂಖ್ಯೆಗೂ ಅಷ್ಟು ಬಳಗ ಇಲ್ಲ. ಮುಂದಿನ ವಾರದಿಂದ ಕಂತು 2520 ಆಯ್ತು, ಅನಾಥಾಶ್ರಮ ಮುಚ್ಚಿತು. ಆ ಪೆಟ್ಟಿಗೆ ಮೇಲೆ ಅತ್ತೆ ಇವತ್ತಿಗೂ ಕೂತ್ಕೊಂಡು ಊಟ ಮಾಡ್ತಾರೆ.

ಒಂದು ಮಾತು ಬಾಕಿ. ಬಲ್ಬು ಅಂದ್ಮೇಲೆ ದಾರೀಲಿ ಒಂದಾದ್ರೂ ಒಡೆಯುತ್ತೆ. ಅದಕ್ಕೆ ಪ್ರತಿ ಕಂತಿನ ಮೇಲೂ ಕಾಗದದಲ್ಲಿ ಸುತ್ತಿದ ಒಂದು ಬಲ್ಬು ಇಡ್ತಾರೆ. ಲೆಕ್ಕಕ್ಕಿಲ್ಲದ್ದು, ಮೇಲೆ ಕೊಟ್ಟಿದ್ದು. ಪ್ಯಾಕಿಂಗ್‌ನೋರು ಅದಕ್ಕೆ ಕೊಸರು ಅಂತಾರೆ. 2520 ತುಂಬಿದ ಮೇಲೆ ಅವರ ಕೈ ತಾನಾಗೇ ಇನ್ನೊಂದಕ್ಕೆ ಹೋಗುತ್ತೆ. ಇದನ್ನ ಜ್ಞಾಪಕ ಇಟ್ಕೊಳ್ಳಿ.

ಈಗ ಕಥೆ.

ಎರಡು ವರ್ಷದ ಹಿಂದೆ ಊರಾಚೆ ದೊಡ್ಡ ಮೈದಾನ ಕಟ್ಟಿದ್ರು. ಅದು ತೆರೆಯೋ ದಿನ ಸುತ್ತಮುತ್ತಲ ಕಾರ್ಖಾನೆಯೋರೆಲ್ಲ ಸೇರಿ ಸಾಮೂಹಿಕ ಡ್ರಿಲ್ ಮಾಡ್ಬೇಕು ಅಂತ ತೀರ್ಮಾನ ಆಯ್ತು. ಡ್ರಿಲ್ ಮಾಸ್ತರು ಬಂದ್ರು. ಮೂವತ್ತರ ಹುಡುಗ, ಕೊರಳಲ್ಲಿ ಎರಡು ಸೀಟಿ, ಒಂದು ಕೆಟ್ರೆ ಇನ್ನೊಂದು. ಅವರ ಯೋಚನೆ ಸೊಗಸಾಗಿತ್ತು. ಜನ ಮೊದ್ಲು ಇಬ್ಬಿಬ್ಬರು ಜೋಡಿ ಆಗೋದು, ಆಮೇಲೆ ಮೂರು ಮೂರು ಜನ ತ್ರಿಕೋನ, ಆಮೇಲೆ ನಾಲ್ಕರ ಚೌಕ, ಹೀಗೆ ಹತ್ತು ಜನರ ಚಕ್ರದ ತನಕ. ಒಟ್ಟು ಒಂಬತ್ತು ಆಕಾರ. ಜನ ಎಷ್ಟು ಅಂದ್ರೆ, ಎರಡೂವರೆ ಸಾವಿರ.

ನಮ್ಮ ಮ್ಯಾನೇಜರು (ಹಳಬರು ರಿಟೈರ್ ಆಗಿ ಇದು ಮೂರನೇ ಮ್ಯಾನೇಜರು, ಆದ್ರೂ ಪೊರಕೆ ಕಥೆ ಎಲ್ಲರಿಗೂ ಗೊತ್ತು) ಮಾಸ್ತರ ಕೈ ಹಿಡ್ಕೊಂಡು ಸೀದಾ ಅತ್ತೆ ಹತ್ರ ಕರ್ಕೊಂಡು ಬಂದ್ರು. ಅತ್ತೆ ಪೆಟ್ಟಿಗೆ ಮೇಲೆ ಕೂತು ಮೊಸರನ್ನ ಕಲಸ್ತಾ ಇದ್ರು. ತಲೆ ಎತ್ತದೇ ಹೇಳಿದ್ರು.

"ಇನ್ನಿಪ್ಪತ್ತು ಜನ ತನ್ನಿ."

ಅಷ್ಟೇ. ಅಲ್ಲಿಂದ ಅತ್ತೆಯೇ ವ್ಯವಸ್ಥಾಪಕಿ. ಪ್ರತಿಯೊಬ್ಬರಿಗೂ ಒಂದು ನಂಬರು, ಬಿಳಿ ಅಂಗಿ ಮೇಲೆ ಹೊಲಿದಿದ್ದು. ನಿಮ್ಮ ನಂಬರ್ ಗೊತ್ತಿದ್ರೆ ನಿಮ್ಮ ಜಾಗ ಗೊತ್ತು. ನಂದು 1173. ಜೋಡಿ ಅಂದ್ರೆ ನಾನು ಮತ್ತೆ ಪಕ್ಕದ 1174. ಅವನು ಗಾಜು ಊದೋ ವಿಭಾಗದ ಹುಡುಗ, ನಾವೆಲ್ಲ ಊದುಕೊಳವೆ ಅಂತೀವಿ. ತ್ರಿಕೋನ ಅಂದಾಗ ಮಾತ್ರ ನಾನು ಒಂದು ಗುಂಪಿನ ಕೊನೆ, ಅವನು ಮುಂದಿನ ಗುಂಪಿನ ಮೊದಲು. ಮಿಕ್ಕ ಎಲ್ಲದರಲ್ಲೂ ಒಟ್ಟಿಗೆ. ಅವನ ಹೆಂಡತಿ ತುಂಬು ಬಸುರಿ. ಹಾಗಾಗಿ ನನಗೆ ಡ್ರಿಲ್‌ಗಿಂತ ಜಾಸ್ತಿ ಅವಳ ವಿಷಯವೇ ಗೊತ್ತಾಯ್ತು.

ಹೆಸರುಗಳ ಪಟ್ಟಿ ಬರೆದಿದ್ದು ಟೇಪಕ್ಕ. ಅತ್ತೆಯ ಬಲಗೈ. ಇಪ್ಪತ್ತೈದು ವರ್ಷದಿಂದ ಡಬ್ಬಿಗೆ ಟೇಪ್ ಹಚ್ಚಿ, ಕಂತಿನ ಚೀಟಿ ಬರೆಯೋದು ಅವರದ್ದೇ ಕೆಲ್ಸ. ಅಂಗಿ ಹೊಲಿಸಿದ್ದು ಆ ಪಟ್ಟಿ ನೋಡ್ಕೊಂಡು.

ಮೊದಲ ಪೂರ್ತಿ ಅಭ್ಯಾಸ ದೊಡ್ಡ ದಿನಕ್ಕೆ ಹತ್ತು ದಿನ ಮುಂಚೆ. ಶನಿವಾರ ಮಧ್ಯಾಹ್ನ. ಅತ್ತೆ ಮೈದಾನದ ಮೆಟ್ಟಿಲು ಮೇಲೆ ನಿಂತಿದ್ರು, ಮದುವೆ ಮಂಟಪದಲ್ಲಿ ಹೆಣ್ಣಿನ ತಾಯಿ ನಿಲ್ತಾರಲ್ಲ, ಆ ಗತ್ತು. ಡೋಲು ಬಡೀತು. ಎಲ್ಲರೂ ಜೋಡಿ ಆದ್ರು.

ಒಬ್ಬರು ಉಳಿದ್ರು.

ಯಾರೋ ಜಾಗ ತಪ್ಪಿದಾರೆ ಅಂದ್ಕೊಂಡ್ವಿ. ಡೋಲು ಬಡೀತು, ತ್ರಿಕೋನ. ಮತ್ತೆ ಒಬ್ಬರು. ಚೌಕ. ಮತ್ತೆ ಒಬ್ಬರು. ಐದು, ಆರು, ಏಳು, ಪ್ರತಿ ಸಲ ಅದೇ ಮನುಷ್ಯ, ಅಂಗಿ ಮೇಲೆ 2521. ನಮ್ಮ ಕಾರ್ಖಾನೆಯ ಗೇಟ್ ತಾತ. ಅವರು ಪಾಪ ಒಂದೊಂದು ಗುಂಪಿನ ಹತ್ರ ಹೋಗಿ, "ಇಲ್ಲಿ ಜಾಗ ಇದ್ಯೇನಮ್ಮ? ನಿಮ್ದು ತುಂಬಿದ್ಯಾ? ಸರಿ ಬಿಡಿ, ಸರಿ ಬಿಡಿ" ಅಂತ ಕೇಳ್ಕೊಂಡು ಓಡಾಡ್ತಾ ಇದ್ರು, ಟಿಕೆಟ್ ಇದ್ದೂ ಸೀಟು ಸಿಗದೇ ಇರೋರ ಥರ. ಹಿಂದಿನ ಸಾಲಿನೋರು ನಗೋಕೆ ಶುರು ಮಾಡಿದ್ರು. ಹತ್ತರ ಚಕ್ರ ಆಗೋ ಹೊತ್ತಿಗೆ ತಾತ ಕೇಳೋದನ್ನೇ ಬಿಟ್ಟು, ಅಂಗಿಯ ತುದಿ ಎಳ್ಕೊಂಡು ಸುಮ್ನೆ ನಿಂತ್ಬಿಟ್ರು.

ಅತ್ತೆ ಮೆಟ್ಟಿಲಿಳಿದು ಸೀದಾ ಟೇಪಕ್ಕನ ಹತ್ರ ಬಂದ್ರು.

"ಎಷ್ಟು ಬರೆದ್ಯೇ ಪಟ್ಟೀಲಿ?"

"ಎಷ್ಟು ಅಂದ್ರೆ? ಒಂದು ಕಂತು!"

"ಕಂತು ಅಂದ್ರೆ?"

ಟೇಪಕ್ಕನ ಮುಖ ನೋಡ್ಬೇಕಿತ್ತು. ಕೈ ಬಾಯಿಗೆ ಹೋಯ್ತು. "ಅಯ್ಯಯ್ಯೋ. ಕೊಸರು ಸೇರಿಸ್ಬಿಟ್ಟೆ ಕಣೇ! 2520 ಬರೆದಾಯ್ತು, ಕೈ ನಿಲ್ಲಲೇ ಇಲ್ಲ. ಪಟ್ಟಿ ಹಿಡ್ಕೊಂಡು ಗೇಟು ದಾಟ್ತಾ ಇದ್ದೆ, ತಾತ ಎದುರಿಗೆ ಸಿಕ್ಕಿದ್ರು. ಅವರ ಹೆಸರೇ ಬರೆದೆ."

ಇಪ್ಪತ್ತೈದು ವರ್ಷದ ಕೈ ಅದು, ಬೇರೆ ಯಾರ ಕೈಯೂ ಇಂಥ ತಪ್ಪು ಮಾಡಲ್ಲ.

ಡ್ರಿಲ್ ಮಾಸ್ತರು ನಿರಾಳವಾಗಿ ಸೀಟಿ ಒರೆಸ್ಕೊಂಡ್ರು. "ಅಷ್ಟೇ ತಾನೆ? ಒಬ್ಬರನ್ನ ತೆಗೀರಿ. ವಯಸ್ಸಾದೋರು ಬೇರೆ. ಅದಲ್ಲ ನನ್ನ ಚಿಂತೆ. ಡೋಲು ಈ ತುದೀಲಿ ಬಡಿದ್ರೆ ಆ ತುದಿಯೋರಿಗೆ ತಡವಾಗಿ ಕೇಳ್ತಿದೆ. ಆಕಾರ ಬದಲಾಗೋದು ಅಲೆ ಥರ ಸಾಗ್ತಿದೆ, ಒಟ್ಟಿಗೆ ಆಗ್ತಿಲ್ಲ. ಅದನ್ನ ಹೇಗೋ ಸರಿ ಮಾಡ್ಬೇಕು."

ಅತ್ತೆ ಆಗ ಎರಡನೇ ಮಾತಿಗೆ ಗಮನವೇ ಕೊಡಲಿಲ್ಲ ಅಂತ ಆಮೇಲೆ ಒಪ್ಕೊಂಡ್ರು. ಒಬ್ಬರನ್ನ ತೆಗೀಬೇಕು, ಅದನ್ನ ತಾನೇ ಹೇಳ್ಬೇಕು. ತಲೇಲಿ ಅದೊಂದೇ.

ತಾತನ ವಿಷಯ ಒಂಚೂರು ಹೇಳ್ತೀನಿ. ಮೂವತ್ನಾಲ್ಕು ವರ್ಷದಿಂದ ಗೇಟಲ್ಲಿ. ಲಾರಿ ಬಂದ್ರೆ ಕೆಂಪು ಬಾವುಟ, ಒಳಗೆ ಬಿಡೋದಾದ್ರೆ ಹಸಿರು ಬಾವುಟ. ಕಾರ್ಖಾನೆಯ ಗುಂಪು ಫೋಟೋ ಪ್ರತಿ ವರ್ಷ ತೆಗೀತಾರೆ, ಗೋಡೆ ತುಂಬಾ ಇವೆ. ಒಂದರಲ್ಲೂ ತಾತ ಇಲ್ಲ. ಎಲ್ಲರೂ ಫೋಟೋಗೆ ನಿಂತಾಗ ಗೇಟಲ್ಲಿ ಯಾರಾದ್ರೂ ಇರ್ಬೇಕಲ್ಲ! ಡ್ರಿಲ್ಲಿನ ತಿಂಗಳ ಕೊನೆಗೇ ಅವರ ರಿಟೈರ್‌ಮೆಂಟು. ಅಂಗಿ ಸಿಕ್ಕ ದಿನ ಗೇಟಿಗೆ ಬಂದ ಪ್ರತಿ ಲಾರಿ ಡ್ರೈವರಿಗೂ ತೋರಿಸಿದ್ರು. "ನೋಡಪ್ಪ, ನಾನೂ ಸೇರಿದೀನಿ."

ಅವತ್ತು ಸಂಜೆ ಅತ್ತೆ ಗೇಟಿನ ಹತ್ರ ನಿಂತ್ರು, ಪಕ್ಕದಲ್ಲಿ ನಾನು. ಅತ್ತೆ ಬಾಯಿ ತೆರೆಯೋಕೆ ಮುಂಚೆ ತಾತನೇ ಗೂಡಿನೊಳಗಿಂದ ಅಂಗಿ ತಂದ್ರು. ಧೂಳು ಕೊಡವಿ, ಸುಕ್ಕು ಬಿಡಿಸಿ, ನಂಬರು ಮೇಲೆ ಬರೋ ಹಾಗೆ ಮಡಚಿದ್ರು.

"ಹೆಚ್ಚಾಗಿರೋದು ನಾನೇ ಅಲ್ವೇನಮ್ಮ? ತಗೋ. ಬೇರೆ ಯಾರಿಗಾದ್ರೂ ಆಗುತ್ತೆ."

ನಮ್ಮತ್ತೆ, ಮೂರು ಮ್ಯಾನೇಜರುಗಳ ಬಾಯಿ ಮುಚ್ಚಿಸಿದೋರು, ಅವತ್ತು ಒಂದೇ ಮಾತಾಡಿದ್ದು. "ಸೋಮವಾರದ ತನಕ ನಿಮ್ಮ ಹತ್ರಾನೇ ಇರ್ಲಿ ತಾತ."

ದಾರೀಲಿ ನಾನು ಕೇಳ್ದೆ, "ಸೋಮವಾರ ಏನತ್ತೆ ಮಾಡ್ತೀರ?"

"ಗೊತ್ತಿಲ್ಲ. ಮೂವತ್ತು ವರ್ಷದಿಂದ ಒಂದು ಬಲ್ಬೂ ಉಳಿಸದೇ ಇರೋಳು ನಾನು. ಮನುಷ್ಯನ್ನ ಉಳಿಸ್ತೀನಾ?"

ಭಾನುವಾರ ಬೆಳಗ್ಗೆ ನಾನು ಅವರ ಮನೆಗೆ ಹೋದಾಗ ನಡುಮನೆ ನೆಲದ ತುಂಬಾ ಬಲ್ಬಿನ ಹಿತ್ತಾಳೆ ಟೋಪಿಗಳು. ಮಧ್ಯೆ ಅತ್ತೆ. ಮಾವ ಮುಖಕ್ಕೆ ಸೋಪು ಹಚ್ಕೊಂಡು, ಕನ್ನಡಿಗೆ ಹೋಗೋ ದಾರಿ ಸಿಗದೇ ಬಾಗಿಲಲ್ಲೇ ನಿಂತಿದ್ರು.

"ನಿಮ್ಮತ್ತೆ 2521ರ ಜೊತೆ ಜಗಳಕ್ಕೆ ಕೂತಿದಾಳೆ. ನಾನು ದಾಟೋ ಹಾಗಿಲ್ಲ."

"ಒಂಟಿಸಲಗ ರೀ ಇದು" ಅಂದ್ರು ಅತ್ತೆ. "ಏಳು ಹಾಕ್ದೆ, ಬಗ್ಗಲಿಲ್ಲ. ಹನ್ನೊಂದು, ಹದಿಮೂರು, ಹದಿನೇಳು, ಒಂದೊಂದೇ ಎಲ್ಲಾ ಸಲಗಗಳನ್ನೂ ಬಿಟ್ಟು ನೋಡ್ದೆ, ನಲವತ್ತೇಳರ ತನಕ. ಒಂದಕ್ಕೂ ಜಗ್ಗಲಿಲ್ಲ."

"ಐವತ್ಮೂರು ಹಾಕಿ ನೋಡು."

"ಯಾಕೆ ಹಾಕ್ಲಿ? ಐವತ್ತೊಂದನ್ನ ಐವತ್ತೊಂದರಿಂದ ಗುಣಿಸಿದ್ರೇ 2601, ಇದನ್ನ ದಾಟಿ ಹೋಯ್ತು. ಐವತ್ತರ ಮೇಲಿನೋರು ಯಾರಾದ್ರೂ ಭಾಗ ಮಾಡೋದಾದ್ರೆ ಅವರ ಜೋಡಿ ಐವತ್ತರ ಕೆಳಗಿರ್ಬೇಕು. ಕೆಳಗಿನೋರ್ನೆಲ್ಲ ವಿಚಾರಿಸಿ ಆಯ್ತಲ್ಲ!"

"ಹಂಗಾದ್ರೆ ಇನ್ನಷ್ಟು ಜನ ಸೇರಿಸು."

"ಸೇರಿಸ್ಬೋದು. ಹತ್ತರ ತನಕ ಎಲ್ಲದಕ್ಕೂ ಭಾಗ ಹೋಗೋ ಮುಂದಿನ ಸಂಖ್ಯೆ 5040. ಇನ್ನೂ ಎರಡು ಸಾವಿರದ ಐನೂರ ಹತ್ತೊಂಬತ್ತು ಜನ ಬೇಕು. ನಿಮ್ಮ ಬಸ್ಸಲ್ಲಿ ಕರ್ಕೊಂಬರ್ತೀರಾ?"

ಮಾವ ಸೋಪಿನ ಬಾಯಲ್ಲೇ ನಕ್ರು. "ಏನ್ ವಿಚಿತ್ರವೇ ಇದು. ಪಕ್ಕದ ಮನೇಲಿ 2520, ಊರಿಗೆಲ್ಲ ಬೇಕಾದೋರು, ಗೋಡೆ ದಾಟಿದ್ರೆ ಯಾರ ಸಹವಾಸಾನೂ ಬೇಡ ಅನ್ನೋ ಮನುಷ್ಯ."

ಅತ್ತೆ ಟೋಪಿಗಳನ್ನ ಮತ್ತೆ ಏಳೇಳು ಜೋಡಿಸ್ತಾ ಇದ್ರು. ಪೂರ್ತಿ 2521 ಇರಲಿಲ್ಲ ಬಿಡಿ, ಬರೀ ಐನೂರ ಐದು. ಏಳು, ಎಂಟು, ಒಂಬತ್ತಕ್ಕೆ ಅಷ್ಟು ಸಾಕು. ಏಳರಲ್ಲಿ ಒಂದು ಟೋಪಿ ಉಳೀತು. ಅದನ್ನ ಎತ್ತಿ ನಡುವೆ ಇಟ್ರು. ಎಂಟೆಂಟು ಮಾಡಿದ್ರು. ಇಲ್ಲೂ ಉಳೀಬೇಕಾದ್ದು ಒಂದೇ. ಆದ್ರೆ ಉಳಿದ ಟೋಪಿ ಆಗಲೇ ನಡುವೆ ಇತ್ತು. ಮಿಕ್ಕಿದ್ದು ಎಂಟೆಂಟು ಸರಿಯಾಗಿ ಕೂತ್ಕೊಂಡ್ವು. ಒಂಬತ್ತೊಂಬತ್ತು ಮಾಡಿದ್ರು. ನಡುವಿನ ಟೋಪಿ ಮುಟ್ಟಲೇ ಇಲ್ಲ.

ಕೈ ನಿಂತಿತು.

"ಏ ಹುಡುಗಿ. ಹಳೇ ಕಂತಲ್ಲಿ, ಎರಡೂವರೆ ಸಾವಿರದಲ್ಲಿ, ಆರಾರು ಮಾಡಿದ್ರೆ ಎಷ್ಟು ಉಳೀತಿತ್ತು?"

"ನಾಲ್ಕು."

"ಒಂಬತ್ತರಲ್ಲಿ?"

"ಏಳು."

"ಒಂದೊಂದ್ಸಲ ಒಂದೊಂದು ಉಳಿದ್ರೆ ಅದು ಅನಾಥಾಶ್ರಮ. ಇದು ನೋಡು, ಎರಡರಲ್ಲೂ ಒಂದು, ಏಳರಲ್ಲೂ ಒಂದು, ಹತ್ತರಲ್ಲೂ ಒಂದು. ಯಾವಾಗ್ಲೂ ಒಂದೇ. ಯಾವಾಗ್ಲೂ ಒಂದೇ ಅಂದ್ರೆ ಅವರು ಉಳಿದೋರಲ್ಲ ಕಣೇ, ಅವರು ಅಲ್ಲಾಡದೇ ಇರೋರು! ಎಲ್ಲರೂ ಜಾಗ ಬದಲಾಯಿಸ್ತಾರೆ, ಒಬ್ಬರು ಮಾತ್ರ ನಿಂತಲ್ಲೇ ನಿಂತಿರ್ತಾರೆ." ಆಮೇಲೆ ಹಣೆ ಚಚ್ಚಿಕೊಂಡ್ರು. "ಮಾಸ್ತರು ಏನಂದ್ರು ನಿನ್ನೆ? ಡೋಲು ಆ ತುದಿಗೆ ತಡವಾಗಿ ಕೇಳುತ್ತೆ ಅಂದ್ರಲ್ವಾ?"

"ಹೌದು."

"ಕಿವಿಗೆ ತಡ ಆಗುತ್ತೆ. ಕಣ್ಣಿಗೆ ಆಗುತ್ತಾ?"

ಮಾವನ ಮುಖದ ಸೋಪು ಒಣಗಿ ಹೋಗಿತ್ತು.

ಸೋಮವಾರ ಅತ್ತೆ ಮಾಸ್ತರಿಗೆ ಹೇಳಿದ್ರು. ಮೈದಾನದ ನಟ್ಟನಡುವೆ ಒಂದು ಎತ್ತರದ ಮಣೆ, ಮಣೆ ಮೇಲೆ ತಾತ, ಕೈಯಲ್ಲಿ ಕೆಂಪು ಹಸಿರು ಬಾವುಟ. ಕೆಂಪು ಎತ್ತಿದ್ರೆ ನಿಲ್ಲೋದು, ಹಸಿರು ಎತ್ತಿದ್ರೆ ಆಕಾರ ಬದಲಾಯಿಸೋದು. ಡೋಲು ಬರೀ ಚೆಂದಕ್ಕೆ.

ಮಾಸ್ತರು ತಲೆ ಕೆರ್ಕೊಂಡ್ರು. "ಅಷ್ಟು ಜನ ಒಬ್ಬರ ಕೈ ನೋಡ್ಕೊಂಡು... ವಯಸ್ಸಾದ ಕೈ ಅಮ್ಮ, ನಡುಗಿದ್ರೆ?"

ತಾತ ಅಲ್ಲೇ ಇದ್ರು. "ಮಗಾ, ಮೂವತ್ನಾಲ್ಕು ವರ್ಷ ಹತ್ತು ಚಕ್ರದ ಲಾರಿಗಳು ಈ ಕೈ ನೋಡಿ ನಿಂತಿವೆ. ನೀನು ಎರಡು ಕಾಲಿನೋರ ವಿಷ್ಯ ಹೇಳ್ತಿದೀಯ."

ಒಂದ್ಸಲ ಮಾಡಿ ನೋಡಿದ್ವಿ. ಹಸಿರು ಮೇಲೆದ್ದಿತು. ಇಡೀ ಮೈದಾನ ಒಂದೇ ಸಲ ಮಗ್ಗುಲು ಬದಲಾಯಿಸ್ತು, ಅಲೆ ಗಿಲೆ ಏನಿಲ್ಲ. ಮಾಸ್ತರು ಒಂದು ಸೀಟಿ ಕೊರಳಿಂದ ತೆಗೆದು ಜೇಬಿಗೆ ಹಾಕ್ಕೊಂಡ್ರು. ಇನ್ನೊಂದೂ ಬೇಕಾಗಲಿಲ್ಲ. ಅವತ್ತಿಂದ ಪ್ರತಿ ಅಭ್ಯಾಸಕ್ಕೂ ತಾತ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಬಂದು ಮಣೆ ಒರೆಸೋರು.

ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ.

ದೊಡ್ಡ ದಿನ. ಮೆಟ್ಟಿಲುಗಳ ಮೇಲೆ ಊರಿಗೆ ಊರೇ. ತಾತನ ಮಗಳು, ಅಳಿಯ, ಮೂರು ಮೊಮ್ಮಕ್ಕಳು ಮುಂದಿನ ಸಾಲಲ್ಲಿ. ಶುರುವಾಗೋಕೆ ಇಪ್ಪತ್ತು ನಿಮಿಷ ಇದೆ. ನನ್ನ ಪಕ್ಕ ಖಾಲಿ. ಊದುಕೊಳವೆ ಇಲ್ಲ. ಅವನ ತಮ್ಮ ಓಡೋಡಿ ಬಂದು ಹೇಳ್ದ, ಅತ್ತಿಗೆಗೆ ನೋವು ಶುರುವಾಗಿದೆ, ಅಣ್ಣ ಅಂಗಿ ಸಮೇತ ಆಸ್ಪತ್ರೆಗೆ ಓಡಿದಾನೆ.

ನಾನು ಅತ್ತೆ ಹತ್ರ ಓಡ್ದೆ. ಮಾಸ್ತರೂ ಬಂದ್ರು. ವಿಷಯ ಕೇಳಿದ ಕೂಡ್ಲೆ ಮಾಸ್ತರ ಮುಖ ಅರಳಿತು.

"ಅರೆ, ಒಳ್ಳೇದೇ ಆಯ್ತಲ್ಲ! ಒಬ್ಬರು ಕಮ್ಮಿ ಆದ್ರೆ ಈಗ ಸರಿಯಾಗಿ 2520. ತಾತನ್ನ 1174ರ ಜಾಗಕ್ಕೆ ಹಾಕಿ. ಶೇಷ ಸೊನ್ನೆ. ನಿಮ್ಮ ಸಂಖ್ಯೆಯೇ ಬಂತಲ್ಲಮ್ಮ!"

ನಿಜ. ಕೊಸರು ಇರೋದೇ ಅದಕ್ಕೆ. ಒಂದು ಒಡೆದ್ರೆ ಆ ಜಾಗಕ್ಕೆ. ಅತ್ತೆ ಜೀವನ ಪೂರ್ತಿ ಕಾಪಾಡಿಕೊಂಡು ಬಂದ ಸಂಖ್ಯೆ, ಧಾರಾಳಿಗಳಲ್ಲೇ ಧಾರಾಳಿ, ಬಾಗಿಲಿಗೇ ಬಂದು ನಿಂತಿತ್ತು. ಹೂಂ ಅಂದ್ರೆ ಸಾಕು.

ಅತ್ತೆ ಮೈದಾನದ ನಡುವೆ ನೋಡಿದ್ರು. ತಾತ ಆಗಲೇ ಮಣೆ ಹತ್ತಿದ್ರು. ಎರಡೂ ಬಾವುಟ ಎದೆಗೆ ಒತ್ಕೊಂಡು, ಬೆನ್ನು ನೆಟ್ಟಗೆ ಮಾಡ್ಕೊಂಡು, ಮೊಮ್ಮಕ್ಕಳ ಕಡೆ ನೋಡ್ದೇ ಇರೋಕೆ ಬಹಳ ಕಷ್ಟಪಡ್ತಾ ನಿಂತಿದ್ರು.

"ಇಲ್ಲ" ಅಂದ್ರು ಅತ್ತೆ.

"ಇಲ್ಲ ಅಂದ್ರೆ? ಅವರನ್ನ ಅಲ್ಲೇ ಬಿಟ್ರೆ ಮಿಕ್ಕಿದ್ದು 2519!" ಮಾಸ್ತರ ಧ್ವನಿ ಕೀರಲಾಯ್ತು.

"ಗೊತ್ತು. ಅದು ಎಲ್ಲಕ್ಕಿಂತ ಕೆಟ್ಟದ್ದು. ಎರಡರಿಂದ ಹತ್ತರ ತನಕ ಯಾವ ಗುಂಪು ಮಾಡಿದ್ರೂ ಒಬ್ಬರು ಕಮ್ಮಿ ಬೀಳ್ತಾರೆ. ಒಂಬತ್ತು ಸಲಾನೂ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತೆ."

"ಮತ್ತೆ?"

ಅತ್ತೆ ಕೈಚೀಲ ಬಿಚ್ಚಿದ್ರು. ಕನ್ನಡಕ ತೆಗೆದು ಅದರೊಳಗೆ ಇಟ್ರು. ಚೀಲಾನ ಮಾಸ್ತರ ಹೆಗಲಿಗೆ ತಗಲಿಸಿದ್ರು.

"ಇಷ್ಟು ದಿನ ಎಲ್ಲರನ್ನೂ ಎಣಿಸ್ದೆ. ಎಣಿಸೋಳನ್ನ ಯಾರಾದ್ರೂ ಎಣಿಸಿದ್ರಾ?"

ಐವತ್ತೇಳು ವರ್ಷ ಅತ್ತೆಗೆ. ಎಡಗಡೆ ಮಂಡಿ ಮೆಟ್ಟಿಲು ಹತ್ತುವಾಗ ಕಿರ್ ಅನ್ನುತ್ತೆ. ಒಂದು ದಿನವೂ ಡ್ರಿಲ್ ಮಾಡಿದೋರಲ್ಲ. ಬಿಳಿ ಅಂಗಿಯೂ ಇಲ್ಲ, ಅದು ಆಸ್ಪತ್ರೆಗೆ ಹೋಗಿದೆ. ಮೈಮೇಲೆ ಕಾರ್ಖಾನೆಯ ನೀಲಿ ಮೇಲಂಗಿ. ಹಾಗೇ ಸೆರಗು ಸಿಕ್ಕಿಸಿ ನನ್ನ ಪಕ್ಕ ಬಂದು ನಿಂತ್ರು.

"ಅತ್ತೆ, ಜಾಗ ಗೊತ್ತಾ ನಿಮಗೆ?" ಅಂತ ಪಿಸುಗುಟ್ಟಿದೆ.

"ಏನಂದೆ? 1174. ಜೋಡೀಲಿ ನಿನ್ನ ಬಲಕ್ಕೆ. ಮೂರರಲ್ಲಿ ಮುಂದಿನ ಗುಂಪಿನ ಮೊದಲನೇಳು, ನಿನ್ನ ಬಿಟ್ಟು ಹೋಗ್ತೀನಿ, ಅಳ್ಬೇಡ. ನಾಲ್ಕರಲ್ಲಿ ಎರಡನೇಳು. ಏಳರಲ್ಲಿ ಐದನೇಳು. ಎಂಟರಲ್ಲಿ ಆರನೇಳು. ಐದು, ಆರು, ಒಂಬತ್ತು, ಹತ್ತು, ಎಲ್ಲದರಲ್ಲೂ ನಾಲ್ಕನೇಳು. ಭಾಗ ಹಾಕಿದ್ರೆ ಬರೋ ಶೇಷಾನೇ ಜಾಗ. ನೀನು ನಿಂದು ನೋಡ್ಕೋ."

ತಾತ ನಮ್ಮ ಕಡೆ ನೋಡಿದ್ರು. ಬಿಳಿ ಸಮುದ್ರದ ನಡುವೆ ಒಂದು ನೀಲಿ ಚುಕ್ಕೆ ಕಂಡಿರ್ಬೇಕು. ಒಂದು ಕ್ಷಣ ಅವರ ಕೈ ನಿಂತಿತು. ಅತ್ತೆ ಇಲ್ಲಿಂದಲೇ ಗದ್ದ ಎತ್ತಿ, "ಹೂಂ, ನಡೀಲಿ" ಅನ್ನೋ ಹಾಗೆ ತಲೆ ಆಡಿಸಿದ್ರು.

ಹಸಿರು ಎದ್ದಿತು.

ಜೋಡಿ. ಅತ್ತೆಯ ಕೈ ನನ್ನ ಕೈಯಲ್ಲಿ, ಒರಟು, ಬೆಚ್ಚಗೆ, ಟೇಪಿನ ವಾಸನೆ. ಕೆಂಪು. ಹಸಿರು. ತ್ರಿಕೋನ, ಅತ್ತೆ ಹೋದ್ರು. ಹಸಿರು. ಚೌಕ, ಅತ್ತೆ ವಾಪಸ್ ಬಂದ್ರು, ಏದುಸಿರು ಬಿಡ್ತಾ, ನಗ್ತಾ. ಐದು. ಆರರಲ್ಲಿ ಮಂಡಿ ಕಿರ್ ಅಂದಿದ್ದು ನನಗೂ ಕೇಳಿಸ್ತು. "ಬಾಯಿ ಮುಚ್ಚು" ಅಂದ್ರು ಅತ್ತೆ, ನನಗಲ್ಲ, ಮಂಡಿಗೆ. ಏಳು, ಎಂಟು, ಒಂಬತ್ತು. ಒಂದು ಗುಂಪಲ್ಲೂ ಹಲ್ಲು ಬಿದ್ದಿರ್ಲಿಲ್ಲ. ಹತ್ತರ ಚಕ್ರ ತಿರುಗೋಕೆ ಶುರುವಾದಾಗ ಇನ್ನೂರ ಐವತ್ತೆರಡು ಚಕ್ರ, ಎಲ್ಲದರ ನಡುವೆ ಮಣೆ ಮೇಲೆ ಒಬ್ಬರೇ ಒಬ್ಬರು, ಅಲ್ಲಾಡದೇ. ಮೆಟ್ಟಿಲು ಮೇಲಿನ ಜನ ಎದ್ದು ನಿಂತ್ರು. ತಾತನ ಚಿಕ್ಕ ಮೊಮ್ಮಗಳು "ನಮ್ಮ ತಾತ ಇಷ್ಟು ಜನಾನೂ ತಿರುಗಿಸ್ತಿದಾರೆ!" ಅಂತ ಕಿರುಚಿದ್ದು ಮಾವನಿಗೆ ಕೇಳಿಸ್ತಂತೆ. ಅವರು ಅವಳ ಹಿಂದಿನ ಸಾಲಲ್ಲೇ ಕೂತಿದ್ರು.

ಕೆಂಪು ಎದ್ದಿತು. ನಿಂತ್ವಿ. ತಾತ ಎರಡೂ ಬಾವುಟ ಕೆಳಗಿಳಿಸಿದ್ರು. ಆಮೇಲೆ ಮಣೆಯಿಂದ ಇಳಿಯೋಕೆ ಅವರಿಗೆ ಮನಸ್ಸೇ ಇರ್ಲಿಲ್ಲ. ಇಳಿಸೋಕೆ ನಮಗೂ ಇರ್ಲಿಲ್ಲ.

ಊದುಕೊಳವೆ ಮರುದಿನ ಬಂದ, ಹೆಣ್ಣು ಮಗು. ಪ್ಯಾಕಿಂಗ್ ಮೇಜಿನ ಸುತ್ತ ಎಲ್ಲರೂ ಸೇರಿದ್ರು. ಅತ್ತೆ ಮಂಡಿಗೆ ಬಟ್ಟೆ ಸುತ್ಕೊಂಡು ಪೆಟ್ಟಿಗೆ ಮೇಲೆ ಕೂತಿದ್ರು. ಅವರಿಗೆ ಎಣ್ಣೆ ಕೊಡೋಕೆ ಬಂದಿದ್ದ ಮಾವನೂ ಲೆಕ್ಕಕ್ಕೆ ಇಳಿದ್ರು. "ಪಟ್ಟೀಲಿ 2521, ನಿಮ್ಮತ್ತೆ ಸೇರಿ 2522, ಮಗು ಸೇರಿ 2523. ನೋಡು, ಮೂರರಿಂದ ಭಾಗ ಹೋಯ್ತು!"

"ಹೆತ್ತೋಳನ್ನ ಬಿಟ್ಟು ಲೆಕ್ಕ ಮಾಡ್ತೀರಲ್ರೀ!" ಅಂದ್ರು ಅತ್ತೆ. ಮೇಜಿನ ಸುತ್ತ ಹೋ ಅಂತ ನಗು. ಮಾವ ಎಣ್ಣೆ ಶೀಶೆ ಇಟ್ಟು ಹೊರಟೇ ಬಿಟ್ರು.

ಆ ದಿನದ ಫೋಟೋ ಮೆಟ್ಟಿಲ ತುದಿಯಿಂದ ತೆಗೆದದ್ದು. ಹತ್ತರ ಚಕ್ರದ್ದು. ಕಾರ್ಖಾನೆಯ ಫೋಟೋಗಳ ಸಾಲಲ್ಲಿ ಅದಕ್ಕೂ ಜಾಗ ಮಾಡಿದ್ರು. ತಾತ ರಿಟೈರ್ ಆದ ದಿನ ಗೇಟಿನ ಕೀಲಿ ಒಪ್ಪಿಸಿ, ಮೊದಲ ಸಲ ಒಳಗೆ ಬಂದು ಅದರ ಮುಂದೆ ನಿಂತ್ರು. ನಡುವೆ ತಾನು. ಬೆರಳಿಟ್ಟು ತೋರಿಸಿದ್ರು. ಆಮೇಲೆ ಬೆರಳು ಪಕ್ಕಕ್ಕೆ ಸರಿದು ಒಂದು ನೀಲಿ ಚುಕ್ಕೆ ಮೇಲೆ ನಿಂತಿತು.

"ಇದು ಯಾರಮ್ಮ, ಅಂಗಿ ಇಲ್ಲದೇ ಬಂದೋರು?" ಅಂದ್ರು, ನಗು ಬಚ್ಚಿಟ್ಕೊಂಡು.

"ಕೊಸರು" ಅಂದ್ರು ಅತ್ತೆ.

ಟೇಪಕ್ಕ ಹಿಂದೆ ನಿಂತಿದ್ರು. "ಹಾಗಾದ್ರೆ ಫೋಟೋ ಕೆಳಗೆ ಎಷ್ಟು ಅಂತ ಬರೀಲಿ? 2520 ಬರೆದ್ಬಿಡ್ಲಾ? ನೋಡೋಕೆ ಚೆನ್ನಾಗಿರುತ್ತೆ, ಎಲ್ಲದಕ್ಕೂ ಭಾಗ ಹೋಗುತ್ತೆ."

"2521 ಬರಿ" ಅಂದ್ರು ನಮ್ಮತ್ತೆ. "ದಪ್ಪಕ್ಕೆ ಬರಿ."